ವಂಶಾವಳಿಯಲ್ಲಿ ಒಬ್ಬಳು ಹೆಚ್ಚಿನ ಅಕ್ಕ

ಗೋಡೆಗೆ ಮೊಳೆ ಹೊಡೆಯುವ ಮುಂಚೆ ಮಾಲೀಕರನ್ನು ಕೇಳಬೇಕು ಎಂಬುದನ್ನು ನಾನು ಇಂಡಿಯಲ್ಲಿ ಕಲಿತೆ. ಪಾಳಿ ಮುಗಿಸಿ ಬಂದವಳು ಬೆಳಗಿನ ಹೊತ್ತಿಗೆ ಬಟ್ಟೆ ಒಗೆಯಲು ಕುಳಿತರೆ ಟಾಕಿಯ ನೀರು ಖಾಲಿಯಾಗುತ್ತದೆ, ಮೇಲಿನ ಮನೆಯವರ ಮುಖ ಸೊಟ್ಟಗಾಗುತ್ತದೆ ಎಂಬುದನ್ನು ಮುದ್ದೇಬಿಹಾಳದಲ್ಲಿ ಕಲಿತೆ. ಬಸವನ ಬಾಗೇವಾಡಿಯ ಮನೆಯೊಡತಿ ಒಳ್ಳೆಯವಳಿದ್ದಳು, ಆದರೆ ನಾನು ಒಗ್ಗರಣೆ ಹಾಕಿದ ಕೂಡಲೇ ಕಿಟಕಿಯ ಹೊರಗೆ ನಿಂತು ಇವತ್ತು ಇಂಥದೇ ಪಲ್ಲೆ ಎಂದು ಹೇಳಿಬಿಡುತ್ತಿದ್ದಳು, ಒಂದು ದಿನವೂ ತಪ್ಪಿದ್ದಿಲ್ಲ. ಈಗ ಸಿಂದಗಿಯಲ್ಲಿದ್ದೇವೆ. ಇಲ್ಲಿನ ಮಾಲೀಕರು ಬಂಗಾರದಂಥ ಮನುಷ್ಯರು. ಅವರ ಮೇಲೂ ನನಗೆ ಸಿಟ್ಟೇ. ಯಾಕೆಂದರೆ ಮನೆ ಅವರದು, ನನ್ನದಲ್ಲ.

ನಾನು ಸರಕಾರಿ ಆಸ್ಪತ್ರೆಯ ನರ್ಸು. ವರ್ಗವಾದ ಕಡೆಗೆಲ್ಲ ಗಂಟುಮೂಟೆ ಕಟ್ಟಿಕೊಂಡು ಈ ನಾಲ್ಕು ತಾಲೂಕುಗಳನ್ನು ಸುತ್ತಿದವಳು. ನಮ್ಮ ಮನೆಯವರು ಹೈಸ್ಕೂಲಿನ ಚಿತ್ರಕಲಾ ಶಿಕ್ಷಕರು. ನನ್ನ ನಾಲಿಗೆ ಹರಿತ, ಅವರ ಮಾತು ಮಜ್ಜಿಗೆ ಅನ್ನದಷ್ಟು ತಂಪು. ವಾರ್ಡಿನಲ್ಲಿ ನಾನು ಕಾಲಿಟ್ಟರೆ ರೋಗಿಗಳ ಜೊತೆಗೆ ಬಂದವರು ಹಾಸಿಗೆಯ ಮೇಲಿಂದ ತಾವಾಗಿಯೇ ಇಳಿಯುತ್ತಾರೆ. ಮನೆಯಲ್ಲಿ ನಾನು ಎಷ್ಟು ಕೂಗಾಡಿದರೂ ಅವರು ಮಾತ್ರ ಪೆನ್ಸಿಲು ಚೂಪು ಮಾಡುತ್ತ ಕೂತಿರುತ್ತಾರೆ.

ಸೈಟು ತಗೊಳ್ಳೋಣ ಎಂದು ನಾನು ವರ್ಷಗಟ್ಟಲೆ ಹೇಳಿದ ಮೇಲೆ ಅವರು ಒಪ್ಪಿದರು. ಅವರ ಲೆಕ್ಕದಲ್ಲಿ ಅದು ಹೂಡಿಕೆ. ರೇಟು ಏರಿದ ಮೇಲೆ ಮಾರಿದರಾಯಿತು ಎನ್ನುವ ವಿಚಾರ. ನನ್ನ ಲೆಕ್ಕವೇ ಬೇರೆ. ನನ್ನ ಒಬ್ಬಳ ಹೆಸರಿನಲ್ಲಿ, ಯಾರನ್ನೂ ಕೇಳದೆ ಮೊಳೆ ಹೊಡೆಯಬಹುದಾದ ಒಂದು ಗೋಡೆ ಏಳುವಷ್ಟು ನೆಲ ಬೇಕಿತ್ತು. ಅವರು ಒಂದು ಷರತ್ತು ಹಾಕಿದರು.

"ಇದೊಂದು ಸಲ ನೋಡೂಣು. ಕಾಗದಪತ್ರ ಸರಿ ಇದ್ರ ತಗೊಳ್ಳೂಣು. ಇದು ತಪ್ಪಿತು ಅಂದ್ರ ರೊಕ್ಕ ಬ್ಯಾಂಕಿನ್ಯಾಗ ಇಟ್ಟು ಸುಮ್ನ ಕೂಡೂದು. ಮತ್ತ ಸೈಟಿನ ಮಾತು ತಗೀಬಾರ್ದು ನೋಡು."

ನಾನು ಹೂಂ ಅಂದೆ. ಅವರು ಒಮ್ಮೆ ಮಾತಾಡಿದರೆ ಮುಗಿಯಿತು, ತಿರುಗಿಸಲು ಯಾರಿಂದಲೂ ಆಗುವುದಿಲ್ಲ. ಹಾಗಾಗಿ ನನ್ನ ಪಾಲಿಗೆ ಇದೇ ಮೊದಲು, ಇದೇ ಕೊನೆ.

ಸೈಟು ಸಿಕ್ಕಿದ್ದು ಹೊರ್ತಿ ದಾಟಿದ ಮೇಲೆ ಬರುವ ಒಂದು ಸಣ್ಣ ಊರಿನ ಹತ್ತಿರ, ಹೆದ್ದಾರಿಯ ಪಕ್ಕ. ಊರಿನ ರೈತರೊಬ್ಬರು ತಮ್ಮ ಹೊಲದ ಒಂದು ಭಾಗವನ್ನು ಕೃಷಿಯಿಂದ ಬಿಡಿಸಿ, ಎನ್.ಎ. ಮಾಡಿಸಿ, ಕಲ್ಲು ನೆಟ್ಟು ಸೈಟು ಹಾಕಿದ್ದರು. ಬಿಳಿ ಟೋಪಿ, ಜೋರು ದನಿ, ನಿಂತರೆ ಕೂತರೆ ಮಾತು. ಮೊದಲ ದಿನವೇ ನಾನು ಅವರನ್ನು ಅಣ್ಣಾರ ಎಂದು ಕರೆದೆ, ಇಲ್ಲಿಯೂ ಹಾಗೇ ಕರೆಯುತ್ತೇನೆ. ಅಣ್ಣ ನಮಗೆ ಸೈಟು ತೋರಿಸಿದ್ದಕ್ಕಿಂತ ಅದರ ಪಕ್ಕದ ತುಂಡನ್ನು ತೋರಿಸಿದ್ದೇ ಹೆಚ್ಚು. ಅದು ರಸ್ತೆಯ ಮೂಲೆಗೆ ಹೋಗಿ ಮುಕ್ಕೋನವಾಗಿತ್ತು.

"ಇದನ್ನ ಯಾರೂ ತಗೊಳ್ಳೂದಿಲ್ರಿ ಅಕ್ಕಾರ. ಮೂರು ಮೂಲಿ ಜಾಗಾ, ಮನೀಗೆ ಆಗಿಬರೂದಿಲ್ಲ ಅಂತಾರ. ನನಗ ಚಿಂತಿ ಇಲ್ಲ. ನಾ ಇಲ್ಲಿ ಖಾನಾವಳಿ ಹಾಕಾಂವ. ಸೊಲ್ಲಾಪುರದಿಂದ ಬರೂ ಗಾಡಿ ಎಲ್ಲಾ ಇಲ್ಲೇ ನಿಂದ್ರಬೇಕು. ಕಡಕ್ ರೊಟ್ಟಿ, ಎಣ್ಣಿಗಾಯಿ, ಶೇಂಗಾ ಹಿಂಡಿ!"

ಅವರು ಗಾಳಿಯಲ್ಲಿ ಕೈಯಾಡಿಸಿ ಒಲೆ ಎಲ್ಲಿ, ಗಲ್ಲಾ ಎಲ್ಲಿ ಎಂದು ತೋರಿಸಿದರು. ನನಗೆ ಅಲ್ಲೇ ಹಸಿವಾಯಿತು. ಸೈಟು ಚೆಂದವಿತ್ತು. ಎರಿ ಮಣ್ಣು, ಎದುರಿಗೆ ಲಿಂಬೆಯ ತೋಟ, ಸಂಜೆಗೆ ತಣ್ಣನೆ ಗಾಳಿ. ಮನಸ್ಸಿನೊಳಗೆ ನಾನು ಅಡುಗೆಮನೆಯ ಕಿಟಕಿಯನ್ನು ಎಲ್ಲಿ ಇಡಿಸಬೇಕು ಎಂದು ತೀರ್ಮಾನಿಸಿಯೂ ಆಗಿತ್ತು.

ಆಮೇಲೆ ಶುರುವಾಯಿತು ಕಾಗದದ ಕಾಲ. ಹೊಲದ ಪಹಣಿಯ ಉತಾರ, ಎನ್.ಎ. ಆದೇಶ, ಲೇಔಟಿನ ನಕಾಶೆ, ಜಾಗದ ಮೇಲೆ ಯಾವ ಸಾಲವೂ ಇಲ್ಲ ಎನ್ನುವ ಋಣಭಾರ ಪತ್ರ, ತೆರಿಗೆ ಕಟ್ಟಿದ ಪಾವತಿ, ಮತ್ತು ಅಣ್ಣನ ಮನೆತನದಲ್ಲಿ ಯಾರು ಯಾರಿದ್ದಾರೆ ಎಂದು ಹೇಳುವ ವಂಶಾವಳಿ. ನನಗೆ ಇವೆಲ್ಲ ತಲೆನೋವು. ನಮ್ಮ ಮನೆಯವರಿಗೆ ಹಬ್ಬ. ಅವರು ಪ್ರತಿಯೊಂದನ್ನೂ ದಿನಾಂಕದ ಪ್ರಕಾರ ಜೋಡಿಸಿದರು, ಬಣ್ಣದ ಚೀಟಿ ಅಂಟಿಸಿದರು, ತಮ್ಮ ಸುಂದರ ಅಕ್ಷರದಲ್ಲಿ ಶೀರ್ಷಿಕೆ ಬರೆದರು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಎನ್.ಎ. ಆದೇಶದ ಮೂಲ ಪ್ರತಿಯ ಮೂಲೆ ಮಡಚಿದೆ ಎಂದು ಮರುಗಿ, ಅದನ್ನು ಒಯ್ದು ಲ್ಯಾಮಿನೇಟ್ ಮಾಡಿಸಿಕೊಂಡು ಬಂದರು.

ಇಂಡಿಯಲ್ಲಿ ನೋಂದಣಿ ಕಚೇರಿಯ ಬದಿಗೆ ತಾಡಪತ್ರಿಯ ನೆರಳಿನಲ್ಲಿ ಪತ್ರ ಬರೆಯುವವರೊಬ್ಬರು ಕೂಡುತ್ತಾರೆ. ಕ್ರಯಪತ್ರದ ಕರಡು ಬರೆಸಲು ಅಣ್ಣನನ್ನೂ ಕರೆದುಕೊಂಡು ಅವರ ಬಳಿ ಹೋದೆವು. ಅವರು ಆ ಹೊಳೆಯುವ ಹಾಳೆಯನ್ನು ಎತ್ತಿ, ಬಿಸಿಲಿಗೆ ಹಿಡಿದು, ನಮ್ಮವರ ಮುಖ ನೋಡಿದರು.

"ಸರ, ಇದರ ಮ್ಯಾಲೆ ಶಿಕ್ಕಾ ಎಲ್ಲಿ ಹೊಡೀಬೇಕ್ರಿ? ಜಾರಿ ಬೀಳತೈತಲ್ರಿ!"

ನಾನು ನಕ್ಕಿದ್ದು ಕಚೇರಿಯ ಒಳಗೂ ಕೇಳಿರಬೇಕು. ನಮ್ಮವರು ಎದ್ದು ಹೋಗಿ ದೃಢೀಕರಿಸಿದ ನಕಲಿಗೆ ಅರ್ಜಿ ಕೊಟ್ಟು ಬಂದರು. ಅವತ್ತಿನಿಂದ ಮನೆಯಲ್ಲಿ ಯಾವುದಾದರೂ ಕಾಗದ ಕಂಡರೆ, ಲ್ಯಾಮಿನೇಟ್ ಮಾಡ್ಸೋದೇನ್ರಿ ಎಂದು ಕೇಳುವುದು ನನಗೆ ರೂಢಿಯಾಯಿತು.

ನಗು ಅಷ್ಟಕ್ಕೇ ನಿಂತಿತು. ಪತ್ರ ಬರೆಯುವವರು ಮುಂದೆ ವಂಶಾವಳಿ ತೆಗೆದುಕೊಂಡರು. ಹೊಲ ಅಣ್ಣನ ತಂದೆಯದು. ತಂದೆ ತೀರಿಕೊಂಡ ಮೇಲೆ ಮಗನ ಹೆಸರಿಗೆ ಬಂದಿದ್ದರೂ ಹೆಣ್ಣುಮಕ್ಕಳಿಗೂ ಅದರಲ್ಲಿ ಹಕ್ಕಿದೆ. ಆದ್ದರಿಂದ ಅವರೂ ಬಂದು ಒಪ್ಪಿಗೆಯ ಸಹಿ ಹಾಕಬೇಕು. ತನಗೆ ಒಬ್ಬ ಅಕ್ಕ, ಮುದ್ದೇಬಿಹಾಳ ತಾಲೂಕಿನ ನಾಲತವಾಡಕ್ಕೆ ಕೊಟ್ಟಿದೆ, ಕರೆದ ದಿನ ಬರುತ್ತಾಳೆ ಎಂದು ಅಣ್ಣ ಹೇಳಿದ್ದರು. ಪತ್ರ ಬರೆಯುವವರು ಹಾಳೆಯ ಮೇಲೆ ಬೆರಳಿಟ್ಟು ಅಣ್ಣನ ಕಡೆ ತಿರುಗಿದರು.

"ಅಣ್ಣಾ, ಒಬ್ಬಾಕಿ ಅಕ್ಕ ಅಂದಿದ್ರಿ. ಇದರಾಗ ಇಬ್ಬರು ಅದಾರ."

"ಒಬ್ಬಾಕಿನಽ ಅದಾಳ್ರಿ."

"ಮತ್ತ ಇಲ್ಲಿ ಎರಡು ಹೆಸರು ಐತಲ್ರಿ? ನೀವಽ ಸಹಿ ಮಾಡೀರಿ ಕೆಳಗ."

ಅಣ್ಣ ಕಾಗದ ನೋಡಿದರು. ಒಂದು ಹೆಸರು ನದಿಯದು, ಇನ್ನೊಂದು ದೇವಿಯದು. ಅವರು ತಲೆ ಕೆರೆದುಕೊಂಡರು.

"ಎರಡೂ ಬರೋಬ್ಬರಿ ಐತ್ರಿ. ಎರಡೂ ನಮ್ಮ ಅಕ್ಕಂದಽ. ಅದಕ್ಕ ಸಹಿ ಮಾಡೇನಿ."

ಪತ್ರ ಬರೆಯುವವರು ಕನ್ನಡಕ ತೆಗೆದಿಟ್ಟರು. ಕಾಗದದ ಪ್ರಕಾರ ಅಕ್ಕಂದಿರು ಇಬ್ಬರು, ಇಬ್ಬರೂ ಬಂದು ಸಹಿ ಮಾಡಬೇಕು, ಇಲ್ಲವಾದರೆ ವಂಶಾವಳಿ ತಿದ್ದಿಸಿ ತರಬೇಕು ಎಂದರು. ನನ್ನ ತಲೆ ಆಗಲೇ ಕಾದಿತ್ತು. ವಾರ್ಡಿನಲ್ಲಿ ಹೆಂಗಸರು ಹೇಳಿಕೊಂಡು ಅಳುವುದನ್ನು ಕೇಳಿದವಳು ನಾನು. ಆಸ್ತಿಯ ಸಮಯ ಬಂದಾಗ ಒಬ್ಬ ಅಕ್ಕನನ್ನೋ ತಂಗಿಯನ್ನೋ ಮರೆತುಬಿಡುವ ಅಣ್ಣತಮ್ಮಂದಿರು ಎಷ್ಟು ಜನ ಬೇಕು? ಈ ಮನುಷ್ಯನೂ ಹಾಗೇ ಎಂದು ನನಗೆ ಖಾತ್ರಿಯಾಯಿತು.

"ಅಣ್ಣಾರ, ಒಬ್ಬಾಕೀನ ಎಲ್ಲಿ ಮುಚ್ಚಿಟ್ಟೀರಿ? ಖರೇ ಹೇಳ್ರಿ!"

"ಮುಚ್ಚಿಡಾಕ ಆಕಿ ಏನ್ ಜ್ವಾಳದ ಚೀಲ ಏನ್ರಿ? ನಾಲತವಾಡದಾಗ ಅದಾಳ, ಹೋಗಿ ನೋಡ್ರಿ!"

ಅವರಿಗೂ ಸಿಟ್ಟು ಬಂದಿತ್ತು. ಹೋಗಿಯೇ ನೋಡುತ್ತೇನೆ ಎಂದು ನಾನು ಎದ್ದೆ. ನಮ್ಮವರು ನನ್ನ ಹಿಂದೆ ಫೈಲು ಹಿಡಿದುಕೊಂಡು ಬಂದರು. ಸಿಂದಗಿಗೆ ಮರಳುವ ಬಸ್ಸಿನಲ್ಲಿ ಅವರು ಬ್ಯಾಂಕಿನ ಬಡ್ಡಿಯ ದರದ ಬಗ್ಗೆ ಮಾತು ತೆಗೆದರು. ನಾನು ಕಿಟಕಿಯ ಕಡೆ ಮುಖ ಮಾಡಿಕೊಂಡು ಕೂತೆ. ನಿಜ ಹೇಳಬೇಕೆಂದರೆ ನನಗೆ ಅಳು ಬಂದಿತ್ತು.

ರಜೆಯ ದಿನ ಸಿಂದಗಿಯಿಂದ ಹೊರಟು, ಬಾಗೇವಾಡಿಯಲ್ಲಿ ಬಸ್ಸು ಬದಲಿಸಿದೆವು. ಅಲ್ಲಿನ ನಿಲ್ದಾಣದಲ್ಲಿ ನನ್ನ ಹಳೆಯ ಮನೆಯೊಡತಿ ಸಿಕ್ಕಳು. ನನ್ನ ಕೈಚೀಲದ ಹತ್ತಿರ ಮೂಗು ತಂದು, ಬುತ್ತಿಗೆ ಪುಂಡಿಪಲ್ಲೆ ಕಟ್ಟಿಕೊಂಡೀಯಲ್ಲ ಎಂದಳು. ಬೇಸರದ ನಡುವೆಯೂ ನಾವಿಬ್ಬರೂ ನಕ್ಕೆವು. ಮುದ್ದೇಬಿಹಾಳದಲ್ಲಿ ಇನ್ನೊಂದು ಬಸ್ಸು ಹಿಡಿದು ಮಧ್ಯಾಹ್ನದ ಹೊತ್ತಿಗೆ ನಾಲತವಾಡ ಮುಟ್ಟಿದೆವು. ಬಜಾರದ ಹಿಂದಿನ ಓಣಿಯಲ್ಲಿ ಕೇಳಿಕೊಂಡು ಹೋದರೆ ಒಬ್ಬ ಹೆಂಗಸು ಹೊಸ್ತಿಲ ಮುಂದೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ತಲೆ ಪೂರ್ತಿ ಬೆಳ್ಳಗಾಗಿತ್ತು, ಕಣ್ಣು ಮಾತ್ರ ಹುಡುಗಿಯದು.

ನಾನು ದೇವಿಯ ಹೆಸರು ಹೇಳಿ, ಅವರ ಮನೆ ಯಾವುದು ಎಂದು ಕೇಳಿದೆ.

"ನಾನಽ ಬೇ. ಬರ್ರಿ, ಒಳಗ ಬರ್ರಿ."

ನಾನು ಒಳಗೆ ಹೋಗಲಿಲ್ಲ. ಬಂದ ಕೆಲಸ ಮೊದಲು. ನದಿಯ ಹೆಸರು ಹೇಳಿ, ಆಕೆ ಎಲ್ಲಿದ್ದಾರೆ ಎಂದು ಗಟ್ಟಿಯಾಗಿಯೇ ಕೇಳಿದೆ. ಹುಣಸೆಹಣ್ಣು ಹಿಡಿದಿದ್ದ ಕೈ ಅಲ್ಲೇ ನಿಂತಿತು. ಆಕೆ ತಲೆ ಎತ್ತಿದಳು.

"ಆ ಹೆಸರು ನಿನಗ ಯಾರ ಹೇಳಿದ್ರವಾ?"

"ನಿಮ್ಮ ತಮ್ಮ. ಕಾಗದದಾಗ ಬರಸ್ಯಾನ. ಆಕೀನ ಎಲ್ಲಿ ಇಟ್ಟೀರಿ?"

ಆಕೆ ನಗಲು ಶುರು ಮಾಡಿದಳು. ಮೊದಲು ಸಣ್ಣಗೆ, ಆಮೇಲೆ ಹೊಟ್ಟೆ ಹಿಡಿದುಕೊಂಡು. ಹುಣಸೆಬೀಜದ ಬುಟ್ಟಿ ಉರುಳಿತು. ಒಳಗಿಂದ ಮಗ ಏನಾಯಿತೆಂದು ಓಡಿ ಬಂದ. ಆಕೆ ಕಣ್ಣು ಒರೆಸಿಕೊಂಡು ಎದೆಯ ಮೇಲೆ ಕೈಯಿಟ್ಟುಕೊಂಡಳು.

"ಇಲ್ಲೇ ಇಟ್ಟೇನಿ ನೋಡು. ಆಕಿನೂ ನಾನಽ."

ಆಗ ನನಗೆ ತಿಳಿಯಿತು, ತಿಳಿದ ಮೇಲೆ ನನ್ನ ಮುಖ ಎಲ್ಲಿ ಮುಚ್ಚಿಕೊಳ್ಳಲಿ ಅನ್ನಿಸಿತು. ನಮ್ಮ ಕಡೆಯ ಎಷ್ಟೋ ಮನೆತನಗಳಲ್ಲಿ ಹಳೆಯ ಪದ್ಧತಿಯೊಂದಿದೆ. ಮದುವೆಯಾದ ಹೆಣ್ಣು ಗಂಡನ ಮನೆಯ ಹೊಸ್ತಿಲು ದಾಟಿದ ದಿನ ತಟ್ಟೆಯಲ್ಲಿ ಅಕ್ಕಿ ಹರಡುತ್ತಾರೆ, ಮದುಮಗ ಉಂಗುರದಿಂದ ಅದರಲ್ಲಿ ಹೊಸ ಹೆಸರು ಬರೆಯುತ್ತಾನೆ, ಅವತ್ತಿನಿಂದ ಅದೇ ಹೆಸರು. ನದಿಯ ಹೆಸರು ತವರಿನಲ್ಲಿ ಉಳಿಯಿತು, ದೇವಿಯ ಹೆಸರು ರೇಶನ್ ಕಾರ್ಡಿಗೂ ಆಧಾರ್ ಕಾರ್ಡಿಗೂ ಬಂತು. ತಮ್ಮನೋ, ಹುಟ್ಟಿದಾಗಿನಿಂದ ಆಕೆಯನ್ನು ಅಕ್ಕಾ ಎಂದು ಕರೆದವನು. ಯಾವ ಹೆಸರೂ ಅವನ ಬಾಯಿಗೆ ಬಂದದ್ದೇ ಇಲ್ಲ. ಎರಡೂ ಕಾಗದದಲ್ಲಿ ಕಂಡಾಗ ಎರಡೂ ಸರಿಯಾಗಿಯೇ ಕಂಡವು, ಸಹಿ ಹಾಕಿಬಿಟ್ಟಿದ್ದಾನೆ.

ಆಕೆ ನಮಗೆ ರೊಟ್ಟಿ ಬಡಿಸಿದಳು. ನಾನು ತಂದ ಪುಂಡಿಪಲ್ಲೆಯನ್ನೂ ರುಚಿ ನೋಡಿ, ಉಪ್ಪು ಕಡಿಮೆ ಎಂದಳು. ಊಟದ ನಡುವೆ ನನ್ನ ಸೈಟಿನ ಕಥೆ ಪೂರ್ತಿ ಕೇಳಿದಳು. ಬಾಡಿಗೆ ಮನೆಗಳ ಕಥೆಗೆ ಬಹಳ ನಕ್ಕಳು. ಹೊರಡುವಾಗ ನನ್ನ ಕೈ ಹಿಡಿದುಕೊಂಡಳು.

"ಬರ್ತೇನಿ ಬಿಡು. ನೀ ಆ ಹೆಸರು ಇನ್ನೊಂದ್ಸಲ ಕರಿ ನೋಡೂಣು."

ನಾನು ಕರೆದೆ. ಆಕೆ ಓ ಅಂದಳು, ಅಂಗಳದ ಆಚೆಯಿಂದ ಓಗೊಡುವ ಹಾಗೆ, ಉದ್ದಕ್ಕೆ.

ವಂಶಾವಳಿ ತಿದ್ದಬೇಕೆಂದರೆ ಊರಿನಲ್ಲಿ ಮತ್ತೆ ಪಂಚನಾಮೆ ಆಗಬೇಕು. ಗ್ರಾಮದ ಅಧಿಕಾರಿ, ಜನ ಈಗಲೂ ತಲಾಠಿ ಎಂದೇ ಕರೆಯುತ್ತಾರೆ, ಒಂದು ದಿನ ಗೊತ್ತುಮಾಡಿದರು. ಆಕೆ ಮಗನ ಜೊತೆಗೆ ಹಿಂದಿನ ದಿನವೇ ತವರಿಗೆ ಬಂದಿದ್ದಳು. ನಾವು ಸಿಂದಗಿಯಿಂದ ಬೆಳಗಿನ ಬಸ್ಸಿಗೆ ಹೋದೆವು. ಬೇವಿನ ಕಟ್ಟೆಯ ಮೇಲೆ ಹಿಂದಿನ ಸಲ ಸಾಕ್ಷಿ ಹೇಳಿದ್ದ ಇಬ್ಬರು ಮುದುಕರು ಕೂತಿದ್ದರು. ತಪ್ಪು ಎಲ್ಲಿ ಆಗಿತ್ತು ಎಂಬುದು ಅವರು ಬಾಯಿ ತೆರೆದ ಕೂಡಲೇ ಗೊತ್ತಾಯಿತು. ಒಬ್ಬರು ಆಕೆಯ ತವರಿನ ಪಕ್ಕದ ಮನೆಯವರು. ಅವರಿಗೆ ಆಕೆ ಹುಡುಗಿಯಾಗಿದ್ದಾಗಿನ ಹೆಸರೇ ಹೆಸರು. ಇನ್ನೊಬ್ಬರು ಆಕೆಗೆ ಗಂಡು ಹುಡುಕಿ ಮದುವೆ ಮಾಡಿಸಿದವರು. ಅವರಿಗೆ ಗಂಡನ ಮನೆಯ ಹೆಸರೇ ಹೆಸರು.

"ನಾ ಹೇಳಿದ್ದಽ ಬರೋಬ್ಬರಿ. ಆಕಿ ನಮ್ಮ ಅಂಗಳದಾಗ ಆಡಿದ ಕೂಸು."

"ಕೂಸು ಇದ್ದಾಗ ಇತ್ತು ಆ ಹೆಸರು. ಅಕ್ಕಿಯಾಗ ಹೊಸಾದು ಬರದಾಗ ನಾ ಅಲ್ಲೇ ನಿಂತಿದ್ನಿ. ನೀ ಉಂಡು ಮಲಗಿದ್ದಿ!"

"ಉಂಡು ಮಲಗಿದಾಂವ ನೀನು!"

ತಲಾಠಿ ಹಿಂದಿನ ಸಲ ಇಬ್ಬರ ಮಾತಿಗೂ ಮರ್ಯಾದೆ ಕೊಟ್ಟು ಎರಡೂ ಹೆಸರು ಬರೆದುಕೊಂಡಿದ್ದರು. ಈ ಸಲ ಅವರು ಆಕೆಯನ್ನೇ ಎದುರಿಗೆ ನಿಲ್ಲಿಸಿ, ಇವರು ಯಾರು ಎಂದು ಕೇಳಿದರು. ಮುದುಕರಿಬ್ಬರೂ ಒಟ್ಟಿಗೆ ಬೇರೆ ಬೇರೆ ಹೆಸರು ಕೂಗಿದರು. ಕಟ್ಟೆಯ ತುಂಬ ನಗು. ಕೊನೆಗೆ ತಲಾಠಿ ಒಂದು ಹೆಸರು ಬರೆದು, ಮುಂದೆ ಉರ್ಫ್ ಎಂದು ಹಾಕಿ, ಇನ್ನೊಂದು ಹೆಸರು ಬರೆಯಲು ಹೊರಟರು. ಆಕೆ ಬಗ್ಗಿ ನೋಡಿದಳು.

"ಯಾವುದು ಮೊದಲ ಬರದ್ರಿ?"

"ಆಧಾರದಾಗ ಇದ್ದದ್ದು ರೀ."

"ಹುಟ್ಟಿದ್ದು ಯಾವ ಹೆಸರಿನ್ಯಾಗ? ಅದು ಮೊದಲ ಬರಲಿ."

ತಲಾಠಿ ಇನ್ನೊಂದು ಹಾಳೆ ತೆಗೆದರು. ಎರಡೂ ಹೆಸರಿನವಳು ಒಬ್ಬಳೇ ಎಂದು ಪ್ರಮಾಣಪತ್ರವೂ ತಯಾರಾಯಿತು. ನನಗೆ ಕುಣಿಯುವಷ್ಟು ಸಂತೋಷ. ಇನ್ನು ಉಳಿದದ್ದು ಆಕೆಯ ಒಪ್ಪಿಗೆಯ ಸಹಿ ಒಂದೇ. ಅದಂತೂ ಆದ ಹಾಗೆಯೇ ಎಂದುಕೊಂಡೆ.

ಮಧ್ಯಾಹ್ನ ಅಣ್ಣನ ಮನೆಯಲ್ಲಿ ಎಲ್ಲರಿಗೂ ಊಟ. ಶೇಂಗಾ ಹೋಳಿಗೆ ಮಾಡಿಸಿದ್ದರು. ಊಟವಾದ ಮೇಲೆ ಅಣ್ಣ ಒಳಗಿನಿಂದ ಒಂದು ಇಳಕಲ್ ಸೀರೆ ತಂದರು. ಒಪ್ಪಿಗೆ ಕೊಡುವ ಹೆಣ್ಣುಮಗಳಿಗೆ ಸೀರೆ ಕುಬಸ ಕೊಟ್ಟು ಉಡಿ ತುಂಬಿ ಕಳಿಸುವುದು ಇಲ್ಲಿನ ರೂಢಿ. ಸೀರೆ ಕೊಟ್ಟರೆ ಹಕ್ಕಿನ ಮಾತು ಅಲ್ಲಿಗೆ ಮುಗಿಯಿತು. ನಾನೂ ನನ್ನ ತವರಿನಲ್ಲಿ ಅಂಥದೊಂದು ಸೀರೆ ಉಟ್ಟವಳೇ. ಆಕೆ ಸೀರೆಯ ಸೆರಗು ಬಿಚ್ಚಿ ನೋಡಿದಳು.

"ಚಲೋ ಐತಿ. ಇದು ನಾಲತವಾಡದಾಕೀಗೆ ಆತು. ಇನ್ನೊಬ್ಬಾಕೀಗೆ ಏನ್ ಕೊಡ್ತೀ?"

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ಅಣ್ಣ ನಕ್ಕರು.

"ತಗೋ ಅಕ್ಕಾ, ನಾಳಿ ಇಂಡಿಗೆ ಹೋದಾಗ ಇನ್ನೊಂದು ಸೀರಿ ತರ್ತೇನಿ."

"ಆಕಿ ಸೀರಿ ಉಡೂದಿಲ್ಲಪಾ. ಆಕಿ ಇನ್ನಾ ಪರಕಾರ ಹಾಕ್ಕೊಂಡು ಕಣದಾಗ ಆಡಾಕತ್ಯಾಳ. ಆಕೀಗೆ ಆ ಕಣ ಕೊಡು."

ಕಣವಿದ್ದದ್ದು ಹೆದ್ದಾರಿಯ ಮೂಲೆಯಲ್ಲಿ, ಈಗ ಮುಕ್ಕೋನದ ಸೈಟಾಗಿರುವ ಜಾಗದಲ್ಲಿ. ಸುಗ್ಗಿಯ ಕಾಲದಲ್ಲಿ ಮನೆಯವರೆಲ್ಲ ಅಲ್ಲೇ ಇರುತ್ತಿದ್ದರು, ಕುಳ್ಳಿನ ಬೆಂಕಿಯಲ್ಲಿ ಹಸಿ ಜೋಳದ ತೆನೆ ಸುಟ್ಟು ಸೀತನಿ ತಿನ್ನುತ್ತಿದ್ದರು ಎಂದು ಆಕೆ ನನಗೆ ನಾಲತವಾಡದಲ್ಲೇ ಹೇಳಿದ್ದಳು. ಅಣ್ಣನ ನಗು ನಿಂತಿತು. ಅದು ಖಾನಾವಳಿಯ ಜಾಗ.

"ಚೌಕ ಸೈಟು ಬ್ಯಾರೆ ಅದಾವ ಅಕ್ಕಾ. ಅದರಾಗ ಒಂದು ಕೇಳು, ವಿಚಾರ ಮಾಡೂಣು."

"ನನಗ ಬ್ಯಾರೆ ಬ್ಯಾಡ."

"ಕೊಡದಿದ್ರ?"

"ಕೊಡದಿದ್ರ ನಾ ಒಬ್ಬಾಕಿ ಸಹಿ ಮಾಡಿ ಹೋಗ್ತೇನಿ. ಇನ್ನೊಬ್ಬಾಕೀನ ನೀನಽ ಹುಡುಕ್ಕೊಂಡು ಬಾ."

ಆಕೆ ಅದನ್ನು ನಗುನಗುತ್ತಲೇ ಹೇಳಿದಳು, ಆದರೆ ಅಲ್ಲಿದ್ದ ಯಾರೂ ನಗಲಿಲ್ಲ. ನಮ್ಮವರು ನನ್ನ ಮೊಣಕೈ ಮುಟ್ಟಿದರು. ಬಾಯಿ ಮುಚ್ಚಿಕೊಂಡಿರು ಎಂದು ಅದರ ಅರ್ಥ. ಆಕೆಯ ಮಾತಿನ ಅರ್ಥ ಅಣ್ಣ ಒಪ್ಪದಿದ್ದರೆ ಸಹಿ ಇಲ್ಲ ಎಂದೇ. ಸಹಿ ಇಲ್ಲವಾದರೆ ನನ್ನ ಸೈಟು ಹೋಯಿತು, ರೊಕ್ಕ ಬ್ಯಾಂಕಿಗೆ, ನಾನು ಮತ್ತೆ ಯಾರದೋ ಗೋಡೆಯ ಮುಂದೆ ಮೊಳೆ ಹಿಡಿದು. ಒಂದು ಕ್ಷಣ ನನಗೆ ಆಕೆಯ ಮೇಲೆಯೇ ಸಿಟ್ಟು ಬಂತು. ಬಂದ ಸಿಟ್ಟು ಹೇಗೋ ತಿರುಗಿತು. ನಾನು ಬೇಡುತ್ತಿದ್ದದ್ದನ್ನೇ ಆಕೆಯೂ ಬೇಡುತ್ತಿದ್ದಳಲ್ಲ. ಬಾಯಿ ತಡೆಯಲಿಲ್ಲ.

"ಅಣ್ಣಾರ, ಆಕಿ ಕೇಳೂದು ನ್ಯಾಯ ಐತಿ. ನನ್ನ ಸೈಟು ಹೋದ್ರ ಹೋಗ್ಲಿ, ಆಕೀದು ಆಕೀಗೆ ಕೊಡ್ರಿ."

ನಮ್ಮವರು ನನ್ನ ಮೊಣಕೈ ಬಿಟ್ಟುಬಿಟ್ಟರು. ಅಣ್ಣ ನನ್ನನ್ನೂ ನೋಡಲಿಲ್ಲ, ಅಕ್ಕನನ್ನೂ ನೋಡಲಿಲ್ಲ. ಟೋಪಿಯನ್ನು ಗೂಟಕ್ಕೇ ಬಿಟ್ಟು, ಬರಿದಲೆಯಲ್ಲಿ ಹೊರಗೆ ನಡೆದರು. ಆ ಮನುಷ್ಯ ಟೋಪಿ ಇಲ್ಲದೆ ಹೊರಗೆ ಹೋದದ್ದನ್ನು ಊರಿನಲ್ಲಿ ಯಾರೂ ನೋಡಿರಲಿಲ್ಲವಂತೆ. ಆಕೆ ಅಡಿಕೆ ಕತ್ತರಿಸುತ್ತ ಕೂತಳು. ನಾನು ಆಕೆಯ ಪಕ್ಕದಲ್ಲಿ ಕೂತೆ. ಎಲ್ಲ ಮುಗಿಯಿತು ಎಂದುಕೊಂಡೆ, ಆದರೆ ವಿಚಿತ್ರವೆಂದರೆ ನನಗೆ ಹಗುರವಾಗಿತ್ತು. ನಮ್ಮವರಿಗೆ ಹೇಗಿತ್ತೋ ಕೇಳಲು ಧೈರ್ಯವಾಗಲಿಲ್ಲ. ಅವರು ಫೈಲಿನ ಬಣ್ಣದ ಚೀಟಿಗಳನ್ನು ಒಂದೊಂದಾಗಿ ನೇರ ಮಾಡುತ್ತಿದ್ದರು.

ಬಿಸಿಲು ಇಳಿಯುವ ಹೊತ್ತಿಗೆ ಅಣ್ಣ ಬಂದರು. ಕಾಲಿನ ತುಂಬ ಎರಿ ಮಣ್ಣು, ಕಣದ ಕಡೆಗೇ ಹೋಗಿ ಬಂದಿದ್ದರು. ಬಂದವರೇ ಅಕ್ಕನ ಮುಂದೆ ನೆಲಕ್ಕೆ ಕೂತರು.

"ಅಲ್ಲಿ ನಿಂತ ಕೂಡಲೇ ಸೀತನಿ ವಾಸನಿ ಬಂದಂಗಾತು ನೋಡಕ್ಕಾ. ನೀ ತೆನಿ ಸುಟ್ಟು ಮೊದಲ ನನಗ ಕೊಡ್ತಿದ್ದಿ. ನಿನ್ನ ಕೈಬಟ್ಟು ಸುಡ್ತಿದ್ದೂವು."

"ಸುಡ್ತಿದ್ದೂವು. ಮುಂದ ಹೇಳು."

"ಕಣ ನಿನ್ನ ಹೆಸರಿಗೆ ಮಾಡಸ್ತೇನಿ. ಖಾನಾವಳಿ ಮಾತ್ರ ಅಲ್ಲೇ ಹಾಕ್ತೇನಿ. ನಿನಗ ಬಾಡಿಗಿ ಕೊಡ್ತೇನಿ."

ಆಕೆ ಅಡಿಕೆಯನ್ನು ಬಾಯಿಗೆ ಹಾಕಿಕೊಂಡಳು. ಸಾವಕಾಶ ಅಗಿದಳು.

"ಬಾಡಿಗಿ ತಪ್ಪಿಸಿದಿ ಅಂದ್ರ ಖಾಲಿ ಮಾಡಸ್ತೇನಿ. ಮತ್ತ ಗ್ವಾಡಿಗೆ ಮೊಳಿ ಹೊಡಿಯೂ ಮೊದಲ ನನ್ನ ಕೇಳಬೇಕು."

ಹೇಳುತ್ತ ಹೇಳುತ್ತ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದಳು. ನಾನು ನಾಲತವಾಡದಲ್ಲಿ ಹೇಳಿದ ಬಾಡಿಗೆ ಮನೆಯ ಕಥೆಗಳನ್ನೆಲ್ಲ ಆಕೆ ಚೆನ್ನಾಗಿಯೇ ಕೇಳಿಸಿಕೊಂಡಿದ್ದಳು. ನಾನು ನಕ್ಕೆ, ಅಣ್ಣ ನಕ್ಕರು, ಯಾವಾಗಲೂ ಮೀಸೆಯೊಳಗೇ ನಗುವ ನಮ್ಮವರು ಕೂಡ ಹಲ್ಲು ಕಾಣುವ ಹಾಗೆ ನಕ್ಕರು. ಒಳಗಿನಿಂದ ಮತ್ತೆ ಹೋಳಿಗೆ ಬಂದವು.

ಇಂಡಿಯ ಕಚೇರಿಗೆ ಹೋಗುವ ದಿನ ಆಕೆ ಆ ಇಳಕಲ್ ಸೀರೆಯನ್ನೇ ಉಟ್ಟು ಬಂದಿದ್ದಳು. ಪತ್ರ ಬರೆಯುವವರ ಸಲಹೆಯಂತೆ ಮೊದಲು ಕಣದ ದಾನಪತ್ರ, ಆಮೇಲೆ ನನ್ನ ಕ್ರಯಪತ್ರ. ಹಾಗೆ ಮಾಡಿದರೆ ನನ್ನ ಸೈಟಿನ ಸುತ್ತಮುತ್ತ ಯಾರಿದ್ದಾರೆ ಎಂದು ಹೇಳುವ ಚಕ್ಕುಬಂದಿಯಲ್ಲಿ ಆಕೆಯ ಹೆಸರು ಬರುತ್ತದೆ. ಕಂಪ್ಯೂಟರು ಸುಮಾರು ಹೊತ್ತು ನಡೆಯಲಿಲ್ಲ. ಬೇರೆ ದಿನವಾಗಿದ್ದರೆ ನಾನು ಕಚೇರಿಯನ್ನು ತಲೆಯ ಮೇಲೆ ಹೊತ್ತುಕೊಳ್ಳುತ್ತಿದ್ದೆ. ಅವತ್ತು ಆಕೆಯ ಜೊತೆ ಕಬ್ಬಿನ ಹಾಲು ಕುಡಿಯುತ್ತ ಹೊರಗೆ ಕೂತೆ. ಪತ್ರ ಬರೆಯುವವರು ಕರಡನ್ನು ಗಟ್ಟಿಯಾಗಿ ಓದಿದರು. ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಹೊಲ, ದಕ್ಷಿಣಕ್ಕೆ ಇನ್ನೊಂದು ಸೈಟು, ಉತ್ತರಕ್ಕೆ ನದಿಯ ಹೆಸರಿನವಳ ಜಾಗ. ಆಕೆ ಆ ಸಾಲನ್ನು ಇನ್ನೊಮ್ಮೆ ಓದಿಸಿದಳು.

ಒಳಗೆ ಕರೆದರು. ಫೋಟೊ ತೆಗೆದರು. ಕಂಪ್ಯೂಟರಿನ ಮುಂದಿದ್ದ ಹುಡುಗಿ ಹಾಳೆ ಮುಂದೆ ಸರಿಸಿ ಕೇಳಿದಳು.

"ಅಮ್ಮಾ, ಸಹಿನೋ ಹೆಬ್ಬಟ್ಟೋ?"

"ಹೆಬ್ಬಟ್ಟು ರೀ," ಎಂದ ಆಕೆಯ ಮಗ, ಪಕ್ಕದಲ್ಲಿ ನಿಂತವನು.

"ಯಾರಂದ್ರು?" ಎಂದಳು ಆಕೆ. "ಪೆನ್ನು ಕೊಡು."

"ಅವ್ವಾ, ಬ್ಯಾಂಕಿನ್ಯಾಗ, ರೇಶನ್ ಅಂಗಡ್ಯಾಗ, ಎಲ್ಲಾ ಕಡೆ ನೀ ಹೆಬ್ಬಟ್ಟಽ ಒತ್ತೀದಿ. ನಿನಗೆಲ್ಲಿ ಬರಿಯಾಕ ಬರತೈತಿ?"

"ಅಲ್ಲೆಲ್ಲಾ ಆ ಹೆಸರಿತ್ತು. ಅದನ್ನ ನನಗ ಯಾರು ಬರಿಯಾಕ ಕಲಿಸ್ಯಾರ? ನಾ ಸಾಲ್ಯಾಗ ಬರಿಯಾಕ ಕಲ್ತದ್ದು ಇದೊಂದಽ ಹೆಸರು. ಇಷ್ಟು ವರ್ಷ ಇದನ್ನ ಯಾರೂ ಕೇಳಲಿಲ್ಲ."

ಮಗ ತಾಯಿಯನ್ನು ಅವತ್ತೇ ಮೊದಲ ಸಲ ನೋಡಿದವನ ಹಾಗೆ ನೋಡಿದ. ಅಣ್ಣ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು. ಆಕೆ ಮೇಜಿನ ಮೇಲೆ ಪೂರ್ತಿ ಬಗ್ಗಿ, ನಾಲಿಗೆ ಕಚ್ಚಿಕೊಂಡು, ಒಂದೊಂದೇ ಅಕ್ಷರವನ್ನು ಪಾಟಿಯ ಮೇಲೆ ತಿದ್ದುವ ಹಾಗೆ ಬರೆದಳು. ನಮ್ಮ ಹಿಂದೆ ಸಾಲಿನಲ್ಲಿದ್ದವರು ಗೊಣಗಲಿಲ್ಲ. ಗೊಣಗಿದ್ದರೆ ನಾನು ಅವರನ್ನು ಬಿಡುತ್ತಿರಲಿಲ್ಲ. ನನ್ನ ಕಣ್ಣಿನಲ್ಲಿ ನೀರು ಬಂದಿತ್ತು, ಒರೆಸಿಕೊಳ್ಳುವ ಗೋಜಿಗೂ ಹೋಗಲಿಲ್ಲ.

ಅದು ದಾನಪತ್ರ. ಮುಂದೆ ನನ್ನ ಕ್ರಯಪತ್ರ ಬಂತು. ಅಷ್ಟರಲ್ಲಿ ಆಕೆಯ ಕೈ ಕುದುರಿತ್ತು. ಒಪ್ಪಿಗೆದಾರಳು ಎಂದಿದ್ದ ಜಾಗದಲ್ಲಿ ಆಕೆ ಸರಸರನೆ ತನ್ನ ಹೆಸರು ಬರೆದಳು, ಬರೆದು ಒಂದು ಸಲ ನೋಡಿದಳು, ಸಾಹೇಬರು ಎಳೆಯುತ್ತಾರಲ್ಲ ಅಂಥದೊಂದು ಗೆರೆಯನ್ನು ಅದರ ಕೆಳಗೆ ಎಳೆದಳು.